ಅವ್ವನ ಪಾಟೀ ಸವಾಲು

ಬಸ್ಸಿನಲ್ಲಿ ಟಿಕೆಟ್ ತೋರಿಸುವುದು ಯಾರ ಕೆಲಸ? ಪ್ರಯಾಣಿಕನದು. ತಗೊಂಡಿದ್ದೆ, ಎಲ್ಲೋ ಬಿತ್ತು, ಬೇಕಾದರೆ ಪಕ್ಕದವರನ್ನು ಕೇಳಿ ಎಂಬ ಪುರಾಣವನ್ನು ತಪಾಸಣೆಗೆ ಹತ್ತಿದವರು ಕೇಳುವುದಿಲ್ಲ. ತೋರಿಸಲಿಲ್ಲ ಎಂದರೆ ತೆಗೆದುಕೊಂಡೇ ಇಲ್ಲ ಎಂದು ಲೆಕ್ಕ. ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಕೂಗುತ್ತಾ ಈ ಊರುಗಳ ನಡುವೆಯೇ ನನ್ನ ಗಂಟಲು ಒಡೆದಿದೆ. ನನ್ನ ಬಾಯಿ ಜೋರು ಎಂದು ಡಿಪೋದಲ್ಲೂ ಅನ್ನುತ್ತಾರೆ, ಗಂಡನ ಮನೆಯಲ್ಲೂ ಅನ್ನುತ್ತಾರೆ. ಅನ್ನಲಿ. ಬಾಯಿ ಜೋರಿಲ್ಲದವರು ಸಂತೆ ದಿನದ ಬಸ್ಸಿನಲ್ಲಿ ಒಂದು ಟ್ರಿಪ್ ಮಾಡಿ ತೋರಿಸಲಿ, ಆಮೇಲೆ ನೋಡೋಣ.

ಟಿಕೆಟ್ಟಿನ ಈ ನಿಯಮ ಕೋರ್ಟಿನಲ್ಲೂ ಇದೆ ಎಂದು ನನಗೆ ಗೊತ್ತಾದದ್ದು ನನ್ನ ಅಣ್ಣ ನನ್ನ ಮೇಲೆ ಅಪೀಲು ಹೋದಾಗ. ಅವನ ಮೇಲಿನ ಸಿಟ್ಟು ಇವತ್ತಿಗೂ ಆರಿಲ್ಲ. ಆರಲಿ ಎಂದು ನಾನು ಯಾವ ದೇವರಿಗೂ ಹರಕೆ ಹೊತ್ತಿಲ್ಲ.

ನಮ್ಮದು ಮಾಗಳದ ಆಸುಪಾಸಿನ ಹೊಳೆದಂಡೆಯ ಊರು. ಅಪ್ಪ ಬಿಟ್ಟುಹೋದ ಹೊಲ ತುಂಗಭದ್ರೆಗೆ ಹತ್ತಿರ. ಮೋಟಾರು ಹಚ್ಚಿದರೆ ಭತ್ತ, ಬಿಟ್ಟರೂ ಜೋಳಕ್ಕೆ ಮೋಸವಿಲ್ಲ. ಅಪ್ಪ ಹೋದ ಮೇಲೆ ಪಹಣಿಯಲ್ಲಿ ಅಣ್ಣನೊಬ್ಬನ ಹೆಸರೇ ಬಂದು ಕೂತಿತು. ನಾನು ಕೊಟ್ಟೂರಿಗೆ ಕೊಟ್ಟ ಮಗಳು. ಒಂದು ದಿನ ಊರಿಗೆ ಹೋಗಿ, ಅಡುಗೆಮನೆಯ ಬಾಗಿಲಲ್ಲಿ ನಿಂತು, ನನ್ನ ಪಾಲು ಕೇಳಿದೆ. ಆವತ್ತು ಮೆತ್ತಗೇ ಕೇಳಿದ್ದೆ.

"ನಿನಗ ಕೊಡೋದು ಮುಗದೈತಲ್ಲ," ಎಂದ ಅಣ್ಣ. "ಪಂಚಮಿಗೆ ಕರದು, ರೇಷ್ಮಿ ಸೀರಿ ಉಡಿಸಿ, ಉಡಿ ತುಂಬಿ ಕಳಿಸೀವಿ. ಇನ್ನೇನೈತಿ?"

ತವರಿಗೆ ಬಂದ ಹೆಣ್ಣುಮಗಳು ಹೊರಡುವಾಗ ಸೆರಗಿಗೆ ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು, ಎಲೆ ಅಡಿಕೆ ಹಾಕಿ, ಕುಪ್ಪಸದ ಖಣ ಇಟ್ಟು ಹರಸುವುದು ನಮ್ಮ ಕಡೆಯ ಪದ್ಧತಿ. ಅದೇ ಉಡಿ ತುಂಬುವುದು. ನಿನ್ನ ಬಾಳು ತುಂಬಿರಲಿ ಎಂದು ಅದರ ಅರ್ಥ. ನಿನ್ನ ಹೊಲ ನಮಗಿರಲಿ ಎಂದಲ್ಲ. ಆದರೆ ನಮ್ಮೂರಿನ ಗಂಡಸರು ಹೆಣ್ಣುಮಕ್ಕಳ ಪಾಲಿನ ಮಾತು ಬಂದ ಕೂಡಲೇ ಈ ಐದು ಹಿಡಿ ಅಕ್ಕಿಯನ್ನು ಎತ್ತಿ ತೋರಿಸುವುದನ್ನು ಕಲಿತುಬಿಟ್ಟಿದ್ದಾರೆ. ಅಪ್ಪ ತೀರಿಕೊಂಡ ಮೇಲಿನ ಮೊದಲ ಪಂಚಮಿಗೆ ನನ್ನನ್ನು ಕರೆಸಿ ಉಡಿ ತುಂಬಿದ್ದು ನಿಜ. ಆ ದಿನ ಅವ್ವನ ಎದುರು ನಾನು "ನನಗ ಹೊಲ ಬ್ಯಾಡ" ಎಂದೆನೆಂದು ಅಣ್ಣ ಕತೆ ಕಟ್ಟಿದ. ನಾನು ಅಂದದ್ದು "ಸೀರಿ ಚಲೋ ಐತಿ" ಎಂದು. ಅದನ್ನೂ ಈಗ ವಾಪಸು ತಗೊಳ್ಳುತ್ತೇನೆ. ಒಂದೇ ಒಗೆತಕ್ಕೆ ಬಣ್ಣ ಬಿಟ್ಟ ಸೀರೆ ಅದು.

ಹೀಗೆ ಮಾತು ಬೆಳೆದು ಕೋರ್ಟಿಗೆ ಹೋಯಿತು. ನನ್ನ ಕಡೆಯ ಸಾಕ್ಷಿ ಅವ್ವ. ಅವ್ವ ಇರುವುದು ಅಣ್ಣನ ಮನೆಯಲ್ಲೇ. ಸಾಕ್ಷಿಯ ದಿನ ಬೆಳಿಗ್ಗೆ ಅವನಿಗೆ ರೊಟ್ಟಿ ಬಡಿದು, ಮೇಲೆ ಶೇಂಗಾ ಚಟ್ನಿ ಇಟ್ಟು, ಅವನು ಉಂಡ ಮೇಲೆ ಅವನ ಬೈಕಿನ ಹಿಂದೆಯೇ ಕೂತು ಬಂದು, ಅವನ ವಿರುದ್ಧ ಸಾಕ್ಷಿ ಹೇಳಿದಳು. ಅವಳಿಗೆ ಇದರಲ್ಲಿ ಯಾವ ವಿರೋಧವೂ ಕಾಣಲಿಲ್ಲ. ಊಟ ಬೇರೆ, ಮಾತು ಬೇರೆ.

ನಮ್ಮ ವಕೀಲರು ಕೇಳಿದ್ದಕ್ಕೆಲ್ಲ ಅವ್ವ ಸರಿಯಾಗಿ ಹೇಳಿದಳು. ಆಮೇಲೆ ಅಣ್ಣನ ವಕೀಲ ಪಾಟೀ ಸವಾಲಿಗೆ ಎದ್ದ. ಎದುರು ಕಡೆಯವರು ಸಾಕ್ಷಿಯನ್ನು ಕೆದಕಿ ಕೆದಕಿ ಕೇಳುವುದಕ್ಕೆ ಕೋರ್ಟಿನಲ್ಲಿ ಆ ಹೆಸರು.

"ಯಮ್ಮ, ಪಂಚಮಿ ದಿನ ನಿಮ್ಮ ಮಗಳಿಗೆ ಉಡಿ ತುಂಬಿದ್ರಿ, ಹೌದಿಲ್ಲೋ?"

"ತುಂಬೀನಿ."

"ಅಂದ್ರ ಆಕಿಗೆ ಕೊಡೋದು ಕೊಟ್ಟು ಕಳಿಸಿದ್ರಿ."

"ಉಡ್ಯಾಗ ನಾನು ಅಕ್ಕಿ ಹಾಕಿದ್ದೆನಪ್ಪ," ಎಂದಳು ಅವ್ವ. "ಹೊಲ ಹಾಕಿದ್ದಿಲ್ಲ."

ಇಡೀ ಕೋರ್ಟು ನಕ್ಕಿತು. ಮೇಲೆ ಕೂತಿದ್ದ ನ್ಯಾಯಾಧೀಶರೂ ತಲೆ ತಗ್ಗಿಸಿ ನಕ್ಕರು. ನನಗೆ ಎದೆ ಎರಡಾಳು ಅಗಲವಾಯಿತು. ಆ ಒಂದು ಮಾತಿಗೆ ಕೇಸು ಗೆದ್ದೆವು ಎಂದು ಆಗಲೇ ಅನ್ನಿಸಿತು. ವಕೀಲನಿಗೂ ಅದೇ ಅನ್ನಿಸಿರಬೇಕು. ಅವನು ಕೋಟು ಸರಿಮಾಡಿಕೊಂಡು ಬೇರೆ ದಾರಿ ಹಿಡಿದ.

"ನಿಮ್ಮ ಯಜಮಾನ್ರ ಹೆಸರೇನ್ರಿ?"

ಅವ್ವ ತಲೆ ತಗ್ಗಿಸಿದಳು. ಅವಳ ಕಾಲದ ಹೆಂಗಸರು ಗಂಡನ ಹೆಸರನ್ನು ಬಾಯಿಂದ ಆಡುವುದಿಲ್ಲ. ಅಪ್ಪನ ಹೆಸರಿನ ಇನ್ನೊಬ್ಬರು ನಮ್ಮ ಓಣಿಯಲ್ಲಿದ್ದರು, ಅವರನ್ನೂ ಅವ್ವ "ಮೂಲಿಮನಿಯವರು" ಎಂದೇ ಕರೆಯುತ್ತಿದ್ದಳು. ಇದು ವಕೀಲನಿಗೆ ಗೊತ್ತಿಲ್ಲದ ಮಾತಲ್ಲ. ಅವನ ತಾಯಿಯೂ ಇದೇ ಸೀಮೆಯವಳು. ಮೇಲಾಗಿ ಅವ್ವನ ಹೇಳಿಕೆಯ ತಲೆಯಲ್ಲೇ ಅಪ್ಪನ ಹೆಸರು ಅಚ್ಚಾಗಿತ್ತು.

"ಹೇಳ್ರಿ ಯಮ್ಮ. ಗಂಡನ ಹೆಸರು ನೆನಪಿಲ್ಲದಾಕಿಗೆ ಪಂಚಮಿ ದಿನದ ಮಾತು ನೆನಪೈತೇನು? ಬೇಕಾದ್ರ ಒಡಪು ಹಾಕಿ ಹೇಳ್ರಿ."

ಒಡಪು ಎಂಬ ಪ್ರಾಸದ ಸಾಲು ಕಟ್ಟಿ, ಅದರೊಳಗೆ ಗಂಡನ ಹೆಸರು ಸೇರಿಸಿ ನಾಚುತ್ತ ಹೇಳುವುದು ಮುತ್ತೈದೆಯರ ಆಟ, ಮದುವೆ ಮನೆಯ ಆಟ. ಗಂಡ ಸತ್ತವಳಿಗೆ ಒಡಪು ಹಾಕು ಅಂದವನ ನಾಲಗೆಗೆ ಬರೆ ಹಾಕಬೇಕು. ಅವ್ವ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಅಪ್ಪನ ಹೆಸರನ್ನು ಬಸ್ ಸ್ಟ್ಯಾಂಡಿನಲ್ಲಿ ಊರಿನ ಹೆಸರು ಕೂಗಿದಂತೆ ಕೂಗಿಬಿಟ್ಟೆ.

"ಕೂತ್ಕೊಳ್ರಿ," ಎಂದರು ನ್ಯಾಯಾಧೀಶರು. "ಸಾಕ್ಷಿ ಹೇಳಬೇಕು. ನೀವು ಹೇಳಂಗಿಲ್ಲ."

ವಕೀಲ ಬಿಡಲಿಲ್ಲ. "ಹಂಗಾರ ಈ ಕೇಸು ಹಾಕ್ಯಾಳಲ್ಲ ನಿಮ್ಮ ಮಗಳು, ಇವಳ ತಂದಿ ಯಾರು ಅಂತ ನೀವು ಹೇಳಂಗಿಲ್ಲ ಅಂತೀರಿ?"

"ಹೇಳಂಗಿಲ್ಲ ಬಿಡಪ್ಪ," ಎಂದಳು ಅವ್ವ. ಅವಳಿಗೆ ಸಾಕಾಗಿತ್ತು. ನೆಲ ನೋಡುತ್ತ ನಿಂತಿದ್ದಳು.

ಅಣ್ಣ ಆ ವಕೀಲನ ಹಿಂದಿನ ಬೆಂಚಿನಲ್ಲೇ ಕೂತಿದ್ದ. ಕೈ ಚಾಚಿದರೆ ಕರಿ ಕೋಟು ಸಿಗುತ್ತಿತ್ತು. ಒಮ್ಮೆ ಎಳೆದು "ಸಾಕು ಬಿಡ್ರಿ" ಎನ್ನಬಹುದಿತ್ತು. ಎನ್ನಲಿಲ್ಲ. ಯಾರೋ ಪಕ್ಕದಲ್ಲಿ ಏನೋ ಅಂದರು, ಅವನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ನಕ್ಕಿಲ್ಲ ಎಂದು ಆಮೇಲೆ ಸಾವಿರ ಸಲ ಆಣೆ ಮಾಡಿದ್ದಾನೆ. ನಾನು ನೋಡಿದ್ದೇನೆ. ಹೊಲಕ್ಕಾಗಿ ಶುರುವಾದ ಜಗಳ ನನ್ನ ಮಟ್ಟಿಗೆ ಆವತ್ತಿನಿಂದ ಆ ನಗುವಿನ ಜಗಳವಾಯಿತು.

ನ್ಯಾಯಾಧೀಶರು ನನ್ನ ಪರವಾಗಿ ತೀರ್ಪು ಕೊಟ್ಟರು. ಹಿರಿಯ ಹೆಂಗಸರು ಗಂಡನ ಹೆಸರು ಹೇಳದಿರುವುದು ಈ ಭಾಗದ ರೂಢಿ, ಅದರಿಂದ ಸಾಕ್ಷಿಯ ಮಾತಿಗೆ ಕುಂದಿಲ್ಲ, ಉಡಿ ತುಂಬಿದ ಮಾತ್ರಕ್ಕೆ ಪಾಲು ಬಿಟ್ಟಂತಾಗದು ಎಂದು ಬರೆಸಿದರು. ಅವ್ವ ತನ್ನ ಪಾಲು ಬೇಡವೆಂದು ಮೊದಲೇ ಬರೆದುಕೊಟ್ಟಿದ್ದಳು, ಹಾಗಾಗಿ ಅರ್ಧ ಹೊಲ ನನ್ನದು ಎಂದಾಯಿತು. ಅವ್ವ ಮತ್ತೆ ಅಣ್ಣನ ಬೈಕಿನ ಹಿಂದೆ ಕೂತು ಊರಿಗೆ ಹೋದಳು. ಸಂಜೆ ಅವನಿಗೆ ಬಿಸಿರೊಟ್ಟಿ ಹಾಕಿರುತ್ತಾಳೆ, ನನಗೇನು ಅನುಮಾನವಿಲ್ಲ.

ಅಣ್ಣ ಧಾರವಾಡದ ಹೈಕೋರ್ಟಿಗೆ ಅಪೀಲು ಹೋದ. ಅದರಲ್ಲಿ ಅವನು ಗೆದ್ದರೆ ನನ್ನ ಅರ್ಧ ಹೊಲ ಹೋಗುತ್ತಿತ್ತು. ಅಪೀಲಿನ ತಿರುಳು ಒಂದೇ. ಕೆಳಗಿನ ಕೋರ್ಟು ತಾಯಿಯ ಮಾತನ್ನು ನಂಬಬಾರದಿತ್ತು ಎನ್ನುವುದು. ಕೆಲವು ತಿಂಗಳ ಮೇಲೆ ಅವನ ಕಡೆಯಿಂದ ದಪ್ಪನೆಯ ಒಂದು ಪುಸ್ತಕ ನನಗೆ ಅಂಚೆಯಲ್ಲಿ ಬಂತು. ಕೆಳಗಿನ ಕೋರ್ಟಿನಲ್ಲಿ ನಡೆದದ್ದನ್ನೆಲ್ಲ, ದಾವೆ, ಜವಾಬು, ಸಾಕ್ಷಿಗಳ ಹೇಳಿಕೆ, ಎಲ್ಲವನ್ನೂ ಜೋಡಿಸಿ ಹೊಲಿದು ಅಪೀಲು ಹೋದವನು ಮೇಲಿನ ಕೋರ್ಟಿಗೆ ಕೊಡಬೇಕು, ಎದುರಿನವರಿಗೂ ಒಂದು ಪ್ರತಿ ಕಳಿಸಬೇಕು. ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಡ್ಯೂಟಿಗೆ ಹೋಗಿದ್ದೆ. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಟೈಮಿಗಾಗಿ ನಿಂತಿದ್ದಾಗ ಬಿಚ್ಚಿ ನೋಡಿದೆ. ಅವ್ವನನ್ನು ನಮ್ಮ ವಕೀಲರು ಕೇಳಿದ್ದಿತ್ತು. ಅಣ್ಣನ ವಕೀಲ ಕೇಳಿದ್ದು ಇರಲಿಲ್ಲ. ಅವ್ವನ ಪಾಟೀ ಸವಾಲು ಬಿಟ್ಟು ಮುಂದಿನ ಸಾಕ್ಷಿ ಶುರುವಾಗಿತ್ತು.

ನನ್ನ ಪಿತ್ತ ನೆತ್ತಿಗೇರಿತು. ಉಡಿಯಲ್ಲಿ ಅಕ್ಕಿ ಹಾಕಿದ್ದೆ, ಹೊಲ ಹಾಕಿರಲಿಲ್ಲ ಎಂಬ ಮಾತು ಅದರಲ್ಲಿತ್ತಲ್ಲ. ಅದನ್ನೇ ನುಂಗಿದ್ದಾನೆ ಕಳ್ಳ. ಆ ಟ್ರಿಪ್ಪಿನಲ್ಲಿ ಹತ್ತಿದವರೆಲ್ಲ ನನ್ನ ಬಾಯಿಗೆ ಸಿಕ್ಕಿ ಹಾಳಾದರು. ಕುರಿ ತುಂಬಿಸಬೇಕೆಂದ ಒಬ್ಬನನ್ನಂತೂ ಕುರಿಗಿಂತ ಕಡೆಯಾಗಿ ಬೈದೆ.

ಮರುದಿನ ಹರಪನಹಳ್ಳಿಯಲ್ಲಿ ಇಳಿದು ನಮ್ಮ ವಕೀಲರ ಆಫೀಸಿಗೆ ಹೋದೆ. ಅವರು ಮಂಡಕ್ಕಿ ತಿನ್ನುತ್ತಿದ್ದರು. ಪುಸ್ತಕ ತಿರುವಿ, ಮತ್ತೊಮ್ಮೆ ತಿರುವಿ, ಕೈ ಒರೆಸಿಕೊಂಡು ನಕ್ಕರು.

"ಯಾಕ್ ನಗ್ತೀರಿ?"

"ಒಳ್ಳೇದಾಯ್ತು ಅಂತ. ನೋಡಮ್ಮ, ಅಪೀಲು ಹೋದೋನು ಪೂರ್ತಿ ದಾಖಲೆ ಕೊಡಬೇಕು. ಅದು ಅವನ ಹೊರೆ, ನಿಂದಲ್ಲ. ತಾಯಿ ಮಾತು ನಂಬಬಾರದಿತ್ತು ಅಂತಾನೆ, ತಾಯಿ ಏನಂದ್ಳು ಅಂತ ತೋರಿಸಲ್ಲ. ಮೇಲಿನೋರು ಹೆಂಗೆ ತೂಗ್ತಾರೆ? ಕೊಡದೇ ಇದ್ರೆ ಕೆಳಗಿನ ತೀರ್ಪೇ ಸರಿ ಇರಬೇಕು ಅಂತ ತಿಳ್ಕೊಂತಾರೆ."

"ಟಿಕೆಟ್ ಇದ್ದಂಗ."

"ಟಿಕೆಟ್ ಇದ್ದಂಗೇ."

"ನಮ್ಮ ಹತ್ರ ನಕಲು ಐತಲ್ರಿ, ನಾವ ಹಾಕೋಣು. ನಮ್ಮವ್ವನ ಮಾತು ಅವರೂ ಕೇಳ್ಲಿ."

"ಹಾಕಬಹುದು, ಯಾರೂ ಬ್ಯಾಡ ಅನ್ನಲ್ಲ. ಆದ್ರೆ ಮುಳುಗೋನಿಗೆ ನೀನ್ಯಾಕೆ ಹಗ್ಗ ಕೊಡ್ತೀಯ? ಬಾಯಿ ಮುಚ್ಕೊಂಡು ಕೂತ್ಕೋ. ಅದೊಂದು ನಿನಗೆ ಕಷ್ಟ, ನನಗೆ ಗೊತ್ತೈತೆ."

ಧಾರವಾಡದಲ್ಲಿ ಕೇಸು ಕರೆದ ದಿನ ನಮ್ಮ ಕಡೆಯವರು ಪುಸ್ತಕದಲ್ಲಿ ಹಾಳೆಗಳಿಲ್ಲ ಎಂದು ಎದ್ದು ಹೇಳಿದರು. ನ್ಯಾಯಾಧೀಶರು ಅಣ್ಣನ ಕಡೆಗೆ ಗಡುವು ಕೊಟ್ಟರು. ತಾಯಿಯ ಪಾಟೀ ಸವಾಲು ತಂದು ಕೊಡಿ, ಅದಿಲ್ಲದೆ ನಿಮ್ಮ ಮಾತು ಕೇಳುವುದಕ್ಕೆ ಬರುವುದಿಲ್ಲ ಎಂದರು.

ಆ ಗಡುವು ಇನ್ನೂ ಇರುವಾಗ ಒಂದು ಮಧ್ಯಾಹ್ನ ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಅಣ್ಣ ನನ್ನ ಬಸ್ಸು ಹತ್ತಿದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಕಾಗದ. ನನ್ನನ್ನು ನೋಡಿ ಇಳಿಯಲು ಹೋದ, ಹಿಂದಿನಿಂದ ಜನ ನೂಕಿದರು, ಒಳಗೇ ಉಳಿದ. ಮಲ್ಲಿಗೆ ಮಾರಿ ಖಾಲಿ ಬುಟ್ಟಿ ಹೊತ್ತು ಮರಳುವ ಹೆಂಗಸರಿಂದ ಬಸ್ಸು ತುಂಬಿತ್ತು. ನಾನು ಮಷಿನ್ ಹಿಡಿದು ಅವನ ಮುಂದೆ ನಿಂತೆ.

"ಎಲ್ಲಿಗಿ?"

"ಹಡಗಲಿ," ಎಂದ, ನನಗೆ ಗೊತ್ತಿಲ್ಲವೇನೋ ಎಂಬಂತೆ. ಟಿಕೆಟ್ ಹರಿದು ಕೊಟ್ಟೆ. ಚಿಲ್ಲರೆಯನ್ನು ಅವನ ಅಂಗೈ ಮುಟ್ಟದಂತೆ ಮೇಲಿಂದ ಬಿಟ್ಟೆ.

ಬಾಗಳಿ ಕಡೆಯವರು ಇಳಿದ ಮೇಲೆ ಸೀಟುಗಳು ಖಾಲಿಯಾದವು. ಅವನ ಪಕ್ಕದ ಕಂಬಿ ಹಿಡಿದು ನಿಂತುಕೊಂಡೆ.

"ಅವ್ವನ ಪಾಟೀ ಸವಾಲು ಎಲ್ಲಿ ಹೋತು?" ಎಂದೆ. ನಾಲ್ಕು ಜನರಿಗೆ ಕೇಳಿಸಲಿ ಎಂದೇ ಎಂದೆ.

"ಮೆತ್ತಗ ಮಾತಾಡು."

"ಯಾಕ? ಅವ್ವನ್ನ ಎಲ್ಲಾರ ಮುಂದ ನಿಂದ್ರಿಸಿ ಕೇಳಿಸಿದಾಗ ಮ್ಯಾಲೆ ಫ್ಯಾನ್ ಸಪ್ಪಳ ಬಿಟ್ರ ಬ್ಯಾರೆ ಸಪ್ಪಳ ಇದ್ದಿಲ್ಲ. ಆವಾಗ ನಿನಗ ನಾಚಿಕಿ ಬರಲಿಲ್ಲ. ಉಡ್ಯಾಗ ಹೊಲ ಹಾಕಿದ್ದಿಲ್ಲ ಅಂತ ಆಕಿ ಅಂದದ್ದು ದೊಡ್ಡ ಸಾಹೇಬ್ರ ಕಣ್ಣಿಗೆ ಬೀಳಬಾರ್ದು ಅಂತ ನುಂಗೀಯಲ್ಲ?"

"ಆ ಮಾತಿಗಲ್ಲ."

"ಮತ್ಯಾವ ಮಾತಿಗೆ?"

ಅವನು ಕಿಟಕಿಯ ಹೊರಗೆ ನೋಡಿದ. ಹೊರಗೆ ನೋಡುವಂಥದ್ದೇನೂ ಇರಲಿಲ್ಲ, ಮೆಕ್ಕೆಜೋಳದ ಹೊಲಗಳು. ಆಮೇಲೆ ನನ್ನ ಕಡೆ ತಿರುಗದೇ ಹೇಳತೊಡಗಿದ.

"ಕೋರ್ಟಿನ ನಕಲು ಮಸುಕ ಬಂದಿದ್ವು. ಚಂದಗೆ ಟೈಪ್ ಮಾಡಿಸ್ಕೊಂಡು ಬಾ ಅಂದ್ರು ವಕೀಲ್ರು. ಇಲ್ಲೇ ಹರಪನಹಳ್ಳ್ಯಾಗ ಒಂದು ಅಂಗಡ್ಯಾಗ ಕುಂತಿದ್ದೆ. ಟೈಪ್ ಮಾಡೋ ಹೆಣ್ಮಗಳು, ನನಗ ಕಾಣವಲ್ದು, ನೀವ ಜೋರ ಓದ್ರಿ, ನಾ ಹೊಡಿತೀನಿ ಅಂದ್ಳು. ಓದಿಕೋತ ಹೊಂಟೆ. ಅಂಗಡಿ ತುಂಬ ಮಂದಿ ಇದ್ರು."

"ಓದಬೇಕಿತ್ತು. ನಿನ್ನ ಕೇಸು, ನೀ ಓದಬೇಕು."

"ಅದರಾಗ ಪ್ರಶ್ನಿ ಇಲ್ಲ ತಂಗಿ. ಎಲ್ಲಾ ಅವ್ವ ತಾನ ಹೇಳಿದಂಗ ಐತಿ. ನಾನು ಉಡಿ ತುಂಬಿದ್ದೇನೆ. ನಾನು ಅಕ್ಕಿ ಹಾಕಿದ್ದೇನೆ, ಹೊಲ ಹಾಕಿಲ್ಲ. ಅದನ್ನೂ ಓದಿದೆ. ನನಗೂ ನಗು ಬಂತು, ಅವ್ವ ಮಾತಾಡಿದಂಗ ಇತ್ತು. ಅದರ ಕೆಳಗ ಇನ್ನೊಂದು ಸಾಲಿತ್ತು."

"ಯಾವುದು?"

ಅವನು ಅದನ್ನು ಹೇಳಿದ್ದು ನನ್ನ ಕಡೆ ಬಾಗಿ, ಬಸ್ಸಿನ ಸದ್ದಿನಲ್ಲಿ ನನಗೊಬ್ಬಳಿಗೇ ಕೇಳಿಸುವಷ್ಟು. "ವಾದಿಯ ತಂದೆ ಯಾರೆಂದು ನಾನು ಹೇಳುವುದಿಲ್ಲ."

ವಾದಿ ಎಂದರೆ ಕೇಸು ಹಾಕಿದವಳು. ನಾನು.

"ನಾನ ಓದಿಬಿಟ್ಟೆ ಜೋರಾಗಿ," ಎಂದ ಅಣ್ಣ. "ಆ ಹೆಣ್ಮಗಳು ಹೊಡಿಯೋದು ನಿಲ್ಲಿಸಿ ನನ್ನ ಮಕ ನೋಡಿದ್ಳು. ಹಿಂದ ನಿಂತಾಂವ ಒಬ್ಬಾಂವ ನಕ್ಕ. ಅವನ ಕೊಳ್ಳಪಟ್ಟಿ ಹಿಡಿಬೇಕು ಅನ್ನಿಸ್ತು. ಅವಂದೇನು ತಪ್ಪು ಐತಿ? ಕಾಗದದಾಗ ಹಂಗ ಐತಿ. ಅಷ್ಟನ್ನ ಅಳಸವ್ವ ಅಂತ ಹೇಳಿ, ಹಾಳಿ ಎತ್ಕೊಂಡು ಬಂದೆ."

"ಅಂವ ನಕ್ಕಿದ್ದು ಚುಚ್ಚಿತೇನು?"

"ಚುಚ್ಚಿತು."

"ನೀನೂ ನಕ್ಕಿದ್ದಿ."

ಈ ಸಲ ಆಣೆ ಮಾಡಲಿಲ್ಲ. ಚೀಲವನ್ನು ತೊಡೆಯ ಮೇಲೆ ಸರಿಸಿಕೊಂಡ. "ಬೈ. ಎಷ್ಟ ಬೈತಿ ಬೈ. ಆದ್ರ ಆ ಹಾಳಿ ನನ್ನ ಕೈಯಿಂದ ಧಾರವಾಡಕ್ಕ ಹೋಗಂಗಿಲ್ಲ. ಇಲ್ಲಿ ಸಾಹೇಬ್ರು ಅವ್ವನ ಮಕಾ ನೋಡಿದ್ರು. ಅಲ್ಲೆ ಯಾರ ನೋಡ್ತಾರ? ಬರೇ ಕಾಗದ ನೋಡ್ತಾರ."

"ಹಂಗಾರ ಹೊಲ ಹೋಗ್ತೈತಿ."

"ವಕೀಲ್ರೂ ಅದನ್ನ ಅಂದ್ರು. ಹೋಗ್ಲಿ."

ನಾನು ಸೀಟಿ ಊದಿ ಮುಂದಿನ ಸ್ಟಾಪಿನಲ್ಲಿ ನಿಲ್ಲಿಸಿದೆ. ಯಾರೂ ಇಳಿಯುವವರಿರಲಿಲ್ಲ. ಡ್ರೈವರು ಕನ್ನಡಿಯಲ್ಲಿ ನೋಡಿ ಏನೆಂದು ಕೈ ಮಾಡಿದ, ರೈಟ್ ಎಂದು ಕೂಗಿದೆ. ಅಣ್ಣನ ಮಾತಿನಿಂದ ನನ್ನ ಮನಸ್ಸು ಕರಗಿತೆಂದು ಯಾರಾದರೂ ಅಂದುಕೊಂಡರೆ ಅದು ಅವರ ಭ್ರಮೆ. ನನಗೆ ಇನ್ನೂ ಸಿಟ್ಟು ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಲು ಬಂದಿದ್ದಾನೆ. ಆವತ್ತು ಒಂದು ಕರಿ ಕೋಟು ಎಳೆಯಲಾರದವನು ಈಗ ಅರ್ಧ ಹೊಲ ಬಿಟ್ಟು ದೊಡ್ಡ ಮನುಷ್ಯನಾಗುತ್ತಾನಂತೆ. ಅವನ ಈ ಮರ್ಯಾದೆಯಿಂದ ನಾನು ಗೆಲ್ಲಬೇಕಂತೆ. ಹಡಗಲಿಯಲ್ಲಿ ಅವನು ಇಳಿದು ಹೋಗುವಾಗ ಬೆನ್ನಿಗೆ ಏನೋ ಅಂದೆ, ಬರೆಯುವಂಥದ್ದಲ್ಲ.

ಆದರೂ ನಮ್ಮ ವಕೀಲರ ಆಫೀಸಿಗೆ ಹೋಗಿ ಆ ಹಾಳೆ ಕೇಳಿದೆ. ಕೋರ್ಟಿನಲ್ಲಿ ಕಿವಿಯಾರೆ ಕೇಳಿದ್ದೆ, ಕಣ್ಣಾರೆ ಓದಿರಲಿಲ್ಲ. ಸಾಕ್ಷಿಯ ಮಾತನ್ನು ದಾಖಲೆಗೆ ಇಳಿಸುವಾಗ ಪ್ರಶ್ನೆಯನ್ನೂ ಉತ್ತರವನ್ನೂ ಕೂಡಿಸಿ, ಸಾಕ್ಷಿಯೇ ಹೇಳಿದಂತೆ ಬರೆಸುವುದು ಅಲ್ಲಿನ ರೂಢಿ ಎಂದು ವಕೀಲರು ವಿವರಿಸಿದರು. ತಪ್ಪೇನೂ ಬರೆದಿಲ್ಲ ಎಂದರು. ನಿಜ, ತಪ್ಪೇನೂ ಇರಲಿಲ್ಲ. ಅವ್ವ ನೆಲ ನೋಡಿದ್ದು ಅದರಲ್ಲಿರಲಿಲ್ಲ. ಸೆರಗು ಎಳೆದುಕೊಂಡದ್ದು ಇರಲಿಲ್ಲ. ವಕೀಲ ಒಡಪು ಹಾಕೆಂದು ಅಣಕಿಸಿದ್ದು ಇರಲಿಲ್ಲ. "ಬಿಡಪ್ಪ" ಎಂಬ ಮಾತು ಇರಲಿಲ್ಲ. ಮಾನದಿಂದ ಬಾಳಿದ ಒಬ್ಬ ಹೆಂಗಸು ತನ್ನ ಮಗಳ ತಂದೆ ಯಾರೆಂದು ಹೇಳಲಾರೆ ಎಂದು ತಾನೇ ಒಪ್ಪಿ ಹೆಬ್ಬೆಟ್ಟು ಒತ್ತಿದ ಹಾಗಿತ್ತು.

"ಈಗೇನು, ನಾವೇ ಹಾಕೋಣ ಅಂತೀಯಾ?" ಎಂದರು ವಕೀಲರು.

"ಬ್ಯಾಡ್ರಿ," ಎಂದೆ. ಹಾಗೆನ್ನುವಾಗ ಹಲ್ಲು ಕಚ್ಚಿಕೊಂಡಿದ್ದೆ. ಅಕ್ಕಿಯ ಮಾತೂ ಅದೇ ಹಾಳೆಯಲ್ಲಿತ್ತು. ಅವ್ವನ ಜಾಣತನ ಧಾರವಾಡದವರೆಗೆ ಹೋಗಲಿ ಎಂಬ ನನ್ನ ಆಸೆ ಅಲ್ಲೇ ಸತ್ತಿತು. ಅದಕ್ಕಿಂತ ಉರಿದದ್ದು ಬೇರೆ. ಆ ಅಣ್ಣನಿಗೂ ನನಗೂ ಈ ಜನ್ಮದಲ್ಲಿ ಒಂದೇ ಬಯಕೆ ಬರಬಾರದಿತ್ತು, ಬಂತು.

ಗಡುವು ಮುಗಿಯಿತು. ಇನ್ನೊಂದು ಗಡುವು ಕೊಟ್ಟರು, ಅದೂ ಮುಗಿಯಿತು. ಅಣ್ಣ ಹಾಳೆ ಕೊಡಲಿಲ್ಲ. ಅಪೀಲುದಾರನು ಪೂರ್ತಿ ದಾಖಲೆ ಹಾಜರುಪಡಿಸಲಿಲ್ಲ, ಯಾವ ಸಾಕ್ಷಿಯ ಮಾತನ್ನು ಪ್ರಶ್ನಿಸಿದ್ದಾನೋ ಅದನ್ನೇ ತೋರಿಸಿಲ್ಲ, ಆದ್ದರಿಂದ ಕೆಳಗಿನ ತೀರ್ಪು ಸರಿಯಿದೆಯೆಂದೇ ತಿಳಿಯಬೇಕಾಗಿದೆ ಎಂದು ಅಪೀಲು ವಜಾ ಆಯಿತು. ವಕೀಲರು ಫೋನಿನಲ್ಲಿ ಓದಿ ಹೇಳಿದರು. ನಾನು ಕೂಡ್ಲಿಗಿಯ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದೆ. ಗೆದ್ದೆ ಎಂದು ಯಾರಿಗೂ ಹೇಳಬೇಕೆನಿಸಲಿಲ್ಲ. ಚಹಾ ಆರಿತ್ತು, ಚೆಲ್ಲಿ ಬಸ್ಸು ಹತ್ತಿದೆ.

ಹೊಲ ಅಳೆದು ಪಾಲು ಮಾಡಲು ಕೋರ್ಟಿನ ಕಡೆಯಿಂದ ಸರ್ವೆಯವರು ಬಂದ ದಿನ ನಾನು ರಜೆ ಹಾಕಿ ಊರಿಗೆ ಹೋದೆ. ಬದುವಿನ ಮೇಲೆ ಜಾಲಿಯ ನೆರಳಲ್ಲಿ ಅವ್ವ ಕೂತಿದ್ದಳು. ಅಣ್ಣ ದೂರದಲ್ಲಿ ಕಲ್ಲು ನೆಡುವ ಗುಂಡಿ ಅಗೆಯುತ್ತಿದ್ದ. ನಾನು ಅವನ ಕಡೆ ನೋಡಲಿಲ್ಲ. ಅಳತೆ ಮುಗಿದು ಗುರುತು ಹಾಕಿಯಾಗಿತ್ತು. ಕಲ್ಲು ನೆಡುವ ಮೊದಲು ಸ್ಥಳದಲ್ಲಿ ಹಾಜರಿದ್ದವರ ಹೆಸರು ಬರೆದುಕೊಳ್ಳಬೇಕೆಂದು ಸರ್ವೆಯವರು ರಟ್ಟು ತೆಗೆದರು. ನನ್ನದಾಯಿತು. ಅವ್ವನ ಕಡೆ ತಿರುಗಿದರು.

"ಅಜ್ಜಿ, ಹೆಸರು?"

ಅವ್ವ ತನ್ನ ಹೆಸರು ಹೇಳಿದಳು.

"ಯಜಮಾನ್ರ ಹೆಸರು?"

ಅವ್ವ ನೆಲ ನೋಡಿದಳು. ಕೈ ಸೆರಗಿಗೆ ಹೋಯಿತು. ನನ್ನ ಬಾಯಿ ತೆರೆದಿತ್ತು, ಅಷ್ಟರಲ್ಲಿ ಗುಂಡಿಯ ಕಡೆಯಿಂದ ಕೂಗು ಕೇಳಿಸಿತು. ಅಣ್ಣ ಸಲಿಕೆ ಬಿಟ್ಟು ಎದ್ದು ನಿಂತಿದ್ದ. ಅಪ್ಪನ ಹೆಸರು, ಅಪ್ಪನ ಅಪ್ಪನ ಹೆಸರು, ಮನೆತನದ ಹೆಸರು, ಎಲ್ಲವನ್ನೂ ಆಚೆ ದಂಡೆಗೆ ಮುಟ್ಟುವಂತೆ ಕೂಗಿ ಹೇಳಿದ. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ.

ಸರ್ವೆಯವರು ಬರೆದುಕೊಂಡರು. ಮುಂದಕ್ಕೆ ಹೊರಟವರನ್ನು ಅವ್ವ ತಡೆದಳು.

"ಏನ ಬರಕೊಂಡೆಪ್ಪ? ಓದು."

ಅವರು ಓದಿದರು. ಅವ್ವನ ಹೆಸರು, ಗಂಡ ಎಂದು ಅಪ್ಪನ ಹೆಸರು. "ಹೌದಾ ಅಜ್ಜಿ, ಇವರೇ ನಿಮ್ಮ ಯಜಮಾನ್ರಾ?"

"ಹೌದು," ಎಂದಳು ಅವ್ವ. "ಅವರ."

ಇಷ್ಟೇ. ಆವತ್ತು ಕೋರ್ಟಿನಲ್ಲೂ ಹೆಸರನ್ನು ಬೇರೆ ಯಾರಾದರೂ ಹೇಳಿ, ಹೌದೇನಮ್ಮ ಎಂದು ಅವ್ವನನ್ನು ಕೇಳಿದ್ದರೆ ಆ ಸಾಲು ದಾಖಲೆಯಲ್ಲಿ ಇರುತ್ತಲೇ ಇರಲಿಲ್ಲ. ಅಣ್ಣನ ವಕೀಲ ಕೇಳಲಿಲ್ಲ, ಅವನಿಗೆ ಬೇಕಾಗಿರಲಿಲ್ಲ. ನಮ್ಮ ವಕೀಲರಿಗೆ ಮತ್ತೆ ಎದ್ದು ಕೇಳುವ ಅವಕಾಶವಿತ್ತು, ಹೊಳೆಯಲಿಲ್ಲ. ಅವ್ವ ಇಷ್ಟು ಸಲೀಸಾಗಿ ಹೌದು ಎನ್ನುತ್ತಾಳೆಂದು ಅವಳ ಹೊಟ್ಟೆಯಲ್ಲಿ ಹುಟ್ಟಿದ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ನಾನು ಗುಂಡಿಯ ಹತ್ತಿರ ಹೋದೆ. ಬಸ್ಸಿನ ಆ ದಿನದ ಮೇಲೆ ಅವನೊಂದಿಗೆ ಮಾತಾಡಿರಲಿಲ್ಲ.

"ಇದನ್ನ ಆವತ್ತ ಕೂಗಾಕ ಏನಾಗಿತ್ತು ನಿನಗ?"

ಅಣ್ಣ ಮಣ್ಣು ಮೇಲೆತ್ತಿ ಹಾಕಿದ. ನಮ್ಮಿಬ್ಬರ ಪಾಲಿನ ನಡುವಿನ ಕಲ್ಲನ್ನು ಆ ಗುಂಡಿಯಲ್ಲಿ ಇಳಿಸಿದರು. ಅವನು ಅವನ ಕಡೆಯಿಂದ ಮಣ್ಣು ತುಳಿದ, ನಾನು ನನ್ನ ಕಡೆಯಿಂದ ತುಳಿದೆ.